ಆರು ಕಾಲಿನ ಗುಡಿಸಲು

“ಮುಗೀತು ಕಣೇ ಈರಿ ನಿನ್ ಇಂಗ್ಲಿಷು! ನಾಳೆಯಿಂದ ನೀನು ಜಗಲಿ ಮೇಲೇ!” ಎಂದು ಮುದ್ದಣ್ಣ ಬೆಂಚಿನ ಮೇಲೆ ತಾಳ ಹಾಕಿದ.

ಈರಕ್ಕ ಅವನ ಕಡೆ ತಿರುಗಲಿಲ್ಲ. ಅವಳ ಕಣ್ಣು ಬೋರ್ಡಿನ ಮೂಲೆಯಲ್ಲಿತ್ತು. ನಂದೀಶ್ವರಯ್ಯ ಮೇಷ್ಟ್ರು ಅಲ್ಲಿ ಹೊಸ ಮಾತೊಂದನ್ನು ಬರೆದಿದ್ದರು. ಎಷ್ಟು ಉದ್ದದ ಮಾತೆಂದರೆ, ಅದನ್ನು ಆ ಮೂಲೆಯಲ್ಲಿ ಹಿಡಿಸಲು ಮೇಷ್ಟ್ರು ಕೊನೆಯ ಅಕ್ಷರಗಳನ್ನು ಒತ್ತೊತ್ತಾಗಿ ತುರುಕಬೇಕಾಗಿತ್ತು.

“ಕಂಬರ್ಸಮ್. ಎಲ್ಲರೂ ಹೇಳಿ,” ಎಂದರು ಮೇಷ್ಟ್ರು.

“ಕಂಬರ್ಸಮ್!” ಎಂದು ಕ್ಲಾಸು ಕೂಗಿತು.

“ಹಾಗಂದರೆ ಹೊರೋದಕ್ಕೆ, ಹಿಡಿಯೋದಕ್ಕೆ, ಸಾಗಿಸೋದಕ್ಕೆ ತೊಡಕಾದದ್ದು. ಸರದಿ ಯಾರದು? ಈರಕ್ಕಂದು. ನಾಳೆ ತರಬೇಕಮ್ಮ.”

ಜಾಲಿಪಾಳ್ಯದ ಮಿಡ್ಲ್ ಸ್ಕೂಲಿನಲ್ಲಿ ಇದೊಂದು ಪದ್ಧತಿ. ಮೇಷ್ಟ್ರು ಬೋರ್ಡಿನ ಮೂಲೆಯಲ್ಲಿ ಒಂದು ಇಂಗ್ಲಿಷ್ ಮಾತು ಬರೆಯುತ್ತಾರೆ. ಸರದಿ ಯಾರದೋ ಅವರು ಮಾರನೆಯ ದಿನ ಆ ಮಾತಿಗೆ ಒಪ್ಪುವ ಸಾಮಾನು ತಂದು ತೋರಿಸಬೇಕು, ಆ ಮಾತು ಹಾಕಿ ಒಂದು ಇಂಗ್ಲಿಷ್ ವಾಕ್ಯ ಹೇಳಬೇಕು. ಸರಿಯಾಗಿ ತಂದವರು ತಮ್ಮ ಕೈಯಾರೆ ಬೋರ್ಡು ಒರೆಸಿ, ಮುಂದಿನ ಮಾತಾಗಿ ತಮಗೆ ಬೇಕಾದ್ದನ್ನು ಕೇಳಬಹುದು. ‘ಬಿಟರ್’ ಬಂದಾಗ ಕದರಪ್ಪ ಹಾಗಲಕಾಯಿ ತಂದು ಇಡೀ ಕ್ಲಾಸಿನ ಮುಖ ಕಿವುಚಿಸಿದ್ದ. ‘ಸ್ಟಿಕಿ’ ಬಂದಾಗ ಯಾರೋ ಮಧುಗಿರಿ ಬೆಟ್ಟದ ಜೇನು ತಂದಿದ್ದರು. ಆವತ್ತು ಪಾಠ ನಡೆಯಲೇ ಇಲ್ಲ. ಮೇಷ್ಟ್ರೂ ಸೇರಿ ಎಲ್ಲರೂ ಬೆರಳು ನೆಕ್ಕಿದ್ದೇ ನೆಕ್ಕಿದ್ದು.

ಇಲ್ಲಿಯವರೆಗೆ ಚೆನ್ನಾಗಿಯೇ ಇದೆ. ಆದರೆ ಊರ ಪಟೇಲ ದೊಡ್ಡರಂಗಪ್ಪನವರು ಇದಕ್ಕೊಂದು ಬಾಲ ಅಂಟಿಸಿದ್ದರು. ಸ್ಕೂಲ್ ಕಮಿಟಿಗೆ ಅವರೇ ಯಜಮಾನರು. ಎರಡು ಸಲ ತಪ್ಪಿದವರು ಇಂಗ್ಲಿಷ್ ಕ್ಲಾಸಿನಿಂದ ಎದ್ದು ಹೊರಗೆ ಜಗಲಿಯ ಮೇಲಿನ ಬರೀ ಕನ್ನಡದ ಕ್ಲಾಸಿಗೆ ಹೋಗಬೇಕು. ಸಾಮಾನು ತಂದವರು ಕೂರಬಹುದು, ತರದವರು ಏಳಬೇಕು. ಪಟೇಲರು ಈ ನಿಯಮ ಮಾಡಿದಾಗ ಅವರ ಕಣ್ಣು ಯಾರ ಮೇಲಿತ್ತು ಎಂದು ಊರಿಗೆಲ್ಲ ಗೊತ್ತಿತ್ತು. ಇಂಗ್ಲಿಷ್ ಕ್ಲಾಸಿನಲ್ಲಿದ್ದ ಒಬ್ಬಳೇ ಹುಡುಗಿ ಈರಕ್ಕ. ಅದೂ ಕುರಿ ಕಾಯುವ ಬೋರಣ್ಣನ ಮಗಳು.

ಒಂದು ಸಲ ಅವಳು ಆಗಲೇ ತಪ್ಪಿದ್ದಳು. ಆಗ ಬಂದ ಮಾತು ‘ಸ್ವಿಫ್ಟ್’. ಈರಕ್ಕ ಬೇಲಿಸಾಲಿನಲ್ಲಿ ಹೊಂಚಿ ಒಂದು ಮೊಲದ ಮರಿ ಹಿಡಿದು ಬುಟ್ಟಿಯಲ್ಲಿ ತಂದಿದ್ದಳು. ಮೇಷ್ಟ್ರು ಒಳಗೆ ಬರುವಷ್ಟರಲ್ಲಿ ಅದು ಬುಟ್ಟಿ ಹಾರಿ, ಕಿಟಕಿ ಹಾರಿ, ಮಾಯ!

“ಓಡೋಯ್ತು ಅಂದ್ರೇ ಸ್ವಿಫ್ಟ್ ಅಲ್ವಾ ಸಾರ್?” ಎಂದು ಅವಳು ವಾದಿಸಿದ್ದಳು. ಮೇಷ್ಟ್ರು ನಕ್ಕರು. ಆದರೆ ಪಟೇಲರಿಗೆ ಹೆದರಿ, ಸಾಮಾನು ಇಲ್ಲದ ಮೇಲೆ ಇಲ್ಲ ಎಂದುಬಿಟ್ಟರು.

ಮುದ್ದಣ್ಣ ಅದೇ ಪಟೇಲರ ಮಗ. ಅವನೀಗ ಎದ್ದುನಿಂತು ಕೇಳಿದ. “ಸಾರ್, ಹೊತ್ಕೊಂಡು ಬರೋಕಾದ್ರೆ ಅದು ಕಂಬರ್ಸಮ್ ಅಲ್ಲ. ಕಂಬರ್ಸಮ್ ಆದ್ರೆ ಹೊತ್ಕೊಂಡು ಬರೋಕಾಗಲ್ಲ. ಅಂದ್ಮೇಲೆ ಇವಳು ಹೆಂಗೆ ತರ್ತಾಳೆ?”

ಕ್ಲಾಸು ಹೋ ಎಂದಿತು.

“ಹೊರೋಕೆ ಆಗೋದೇ ಇಲ್ಲ ಅಂತಲ್ಲ ಕಣೋ. ತೊಡಕು ಅಂತ,” ಎಂದರು ಮೇಷ್ಟ್ರು. “ಬರೀ ಭಾರವೂ ಅಲ್ಲ. ಭಾರಕ್ಕೆ ಹೆವಿ ಅಂತ ಬೇರೆ ಮಾತಿದೆ. ಬರೀ ದೊಡ್ಡದೂ ಅಲ್ಲ. ಅದಕ್ಕೆ ಬಿಗ್ ಇದೆ.”

“ತರ್ತೀನಿ ಸಾರ್,” ಎಂದಳು ಈರಕ್ಕ.

“ಏನ್ ತರ್ತೀಯೇ?” ಎಂದ ಮುದ್ದಣ್ಣ.

“ತಂದಾಗ ನೋಡೀವಂತೆ ಬುಡು.”

ಹೇಳುವುದೇನೋ ಹೇಳಿದಳು. ಏನು ತರುವುದೆಂದು ಅವಳಿಗೇ ಗೊತ್ತಿರಲಿಲ್ಲ.

ಸ್ಕೂಲು ಬಿಟ್ಟು ಹೊಲದ ದಾರಿ ಹಿಡಿದಾಗಲೂ ಅವಳ ತಲೆಯಲ್ಲಿ ಅದೇ ಕೊರೆಯುತ್ತಿತ್ತು. ಜಗಲಿಯ ಮೇಲೆ ಕೂರಲು ಅವಳಿಗೇನೂ ನಾಚಿಕೆಯಿಲ್ಲ. ಅವಳಿಗೆ ಬೇಕಾಗಿದ್ದದ್ದು ಒಂದು ಮಾತು. ಆ ಮಾತಿನ ಅರ್ಥ ಗೊತ್ತಾಗುವ ತನಕ ಇಂಗ್ಲಿಷ್ ಕ್ಲಾಸು ಬಿಡುವುದಿಲ್ಲ ಎಂದು ಅವಳು ಹಟ ಹಿಡಿದಿದ್ದಳು.

ಹೋದ ವರ್ಷ ಅಪ್ಪನ ಜೊತೆ ಹಿಂದೂಪುರದ ಸಂತೆಗೆ ಹೋಗಿದ್ದಳು. ಅಜ್ಜಿ ನೂತ ಉಣ್ಣೆಯಲ್ಲಿ ಅಪ್ಪ ನೇಯ್ದ ಕಂಬಳಿಗಳನ್ನು ಬೆಂಗಳೂರಿನಿಂದ ಬಂದ ಒಬ್ಬ ಏಜೆಂಟ್ ನೋಡಿದ. ಕೋಟು ಹಾಕಿದ್ದ. ಕಂಬಳಿಯ ಅಂಚನ್ನು ಎರಡೇ ಬೆರಳಿನಲ್ಲಿ ಎತ್ತಿ, “ಕೋರ್ಸ್! ವೆರಿ ಕೋರ್ಸ್!” ಎಂದ. ಪಕ್ಕದಲ್ಲಿದ್ದ ಗುಮಾಸ್ತ ನಕ್ಕ. ಅರ್ಥ ತಿಳಿಯದ ಅಪ್ಪನೂ ತಲೆ ಕೆರೆದುಕೊಂಡು ಹೆಹ್ಹೆಹ್ಹೆ ಎಂದು ನಕ್ಕಿದ್ದ.

ಆ ನಗು ಈರಕ್ಕನಿಗೆ ಇಷ್ಟವಾಗಲಿಲ್ಲ. ಮೇಷ್ಟ್ರನ್ನು ಕೇಳಬಹುದಿತ್ತು. ಆದರೆ ಅದು ಬೈಗುಳವಾಗಿದ್ದರೆ? ‘ಇದನ್ನು ನಿಮ್ಮಪ್ಪನಿಗೆ ಅಂದರಾ?’ ಎಂದು ಮುದ್ದಣ್ಣ ಊರೆಲ್ಲ ಸಾರಿಕೊಂಡು ಬರುತ್ತಿದ್ದ. ಅದಕ್ಕೇ ಅವಳು ಆ ಮಾತನ್ನು ಬಾಯೊಳಗೇ ಇಟ್ಟುಕೊಂಡು, ಅದು ಎಂದಾದರೊಂದು ದಿನ ಬೋರ್ಡಿನ ಮೂಲೆಗೆ ತಾನಾಗಿ ಬಂದೀತೆಂದು ಕಾಯುತ್ತಿದ್ದಳು.

ಸುಗ್ಗಿ ಮುಗಿದಿತ್ತು. ಶಿವರಾತ್ರಿ ಹತ್ತಿರ ಬಂದರೂ ಚಳಿ ಬಿಟ್ಟಿರಲಿಲ್ಲ. ಈ ಕಾಲದಲ್ಲಿ ಬೋರಣ್ಣನ ಸಂಸಾರವೆಲ್ಲ ಕುರಿಮಂದೆಯ ಜೊತೆ ಹೊಲದಿಂದ ಹೊಲಕ್ಕೆ. ಕೊಯ್ಲಾದ ಹೊಲದಲ್ಲಿ ರಾತ್ರಿ ಕುರಿ ಮಲಗಿದರೆ ನೆಲಕ್ಕೆ ಗೊಬ್ಬರ, ಕುರಿಯವರಿಗೆ ರಾಗಿ. ಈಗ ಮಂದೆ ಇದ್ದದ್ದು ಕದರಪ್ಪನ ಮನೆಯವರ ಹೊಲದಲ್ಲಿ.

ಈರಕ್ಕ ಬಂದವಳೇ ಪುಸ್ತಕದ ಚೀಲ ಎಸೆದು, ಕಣ್ಣಿಗೆ ಬಿದ್ದದ್ದನ್ನೆಲ್ಲ ಎತ್ತಿ ನೋಡತೊಡಗಿದಳು. ನೀರು ತುಂಬಿದ ಕೊಡ ಎತ್ತಿದಳು. ಭಾರ, ಅಷ್ಟೇ. ಒನಕೆ ಎತ್ತಿದಳು. ಹೆಗಲ ಮೇಲೆ ಸಲೀಸಾಗಿ ಕೂತಿತು. ಕೊನೆಗೆ ಕೊಂಬಿನ ಟಗರನ್ನೇ ತಬ್ಬಿ ಎತ್ತಲು ಹೋದಳು. ಟಗರು ಒಂದು ಸಲ ಒದರಿ, ಅವಳನ್ನು ಹಿಕ್ಕೆಯ ಮೇಲೆ ಕೂರಿಸಿ ಹೋಯಿತು.

“ಏನಾಗೈತೆ ಈ ಮಗೀಗೆ? ಗಾಳಿ ಮೆಟ್ಕೊಂಡೈತಾ?” ಎಂದಳು ಅಜ್ಜಿ ಕರಿಯಕ್ಕ, ಉಣ್ಣೆ ನೂಲುವ ಕದಿರು ತಿರುಗಿಸುವುದನ್ನು ನಿಲ್ಲಿಸಿ.

“ಟಗರು ಕಂಬರ್ಸಮ್ಮಾ ಅಂತ ನೋಡ್ತಿದ್ದೆ ಅಜ್ಜಿ.”

“ಅದೆಂತದೋ ನಾ ಕಾಣೆ ಕಣವ್ವ. ಅದು ಪುಂಡ, ಅಷ್ಟು ಗೊತ್ತು.”

ಈರಕ್ಕ ಎಲ್ಲವನ್ನೂ ಬಿಡಿಸಿ ಹೇಳಿದಳು. ಅಜ್ಜಿ ಗಲ್ಲಕ್ಕೆ ಕೈಯಿಟ್ಟು ಕೇಳಿದಳು. ಕೇಳಿ, ಹಿಂದಕ್ಕೆ ತಿರುಗಿ ಒಂದು ಸಲ ನೋಡಿ, ಬೊಚ್ಚು ಬಾಯಲ್ಲಿ ನಕ್ಕಳು.

“ಭಾರ ಇರಬಾರ್ದು, ಹೊರೋಕೆ ಬಂದ್ರೂ ಬರಬಾರ್ದು. ಅಷ್ಟೇ ತಾನೇ? ನಿನ್ ಬೆನ್ನಿಂದೇನೇ ಐತಲ್ಲೇ!”

ಈರಕ್ಕ ತಿರುಗಿದಳು. ಹಿಂದೆ ಇದ್ದದ್ದು ಅವರ ಗುಡಿಸಲು.

ಕುರಿಯವರ ಗುಡಿಸಲು ಊರಿನ ಗುಡಿಸಲಿನ ಹಾಗಲ್ಲ. ಬಿದಿರಿನ ದಬ್ಬೆ ಬಾಗಿಸಿ, ಮೇಲೆ ಈಚಲ ಗರಿ ಹೊದಿಸಿ, ಎತ್ತಿನಗಾಡಿಯ ಕಮಾನಿನ ಆಕಾರದಲ್ಲಿ ಕಟ್ಟಿದ್ದು. ಹೊಲ ಬದಲಾಯಿಸುವ ದಿನ ಮೂವರು ಒಳಗೆ ತೂರಿ, ಅಡ್ಡ ಬೊಂಬುಗಳಿಗೆ ಹೆಗಲು ಕೊಟ್ಟು ಎತ್ತಿದರೆ ಮನೆಗೆ ಮನೆಯೇ ನಡೆಯುತ್ತದೆ. ಭಾರವೇನಿಲ್ಲ. ಆದರೆ ಮುಂದಿರುವವನಿಗೆ ದಾರಿ ಅರ್ಧ ಕಾಣುತ್ತದೆ, ಹಿಂದಿರುವವರಿಗೆ ತಮ್ಮ ಕಾಲೇ ಕಾಣುವುದು. ಗಾಳಿ ಬಂದರೆ ಅದು ತಾನೇ ಒಂದು ಕಡೆ ಹೊರಡುತ್ತದೆ. ಹೊತ್ತವರು ಇನ್ನೊಂದು ಕಡೆ.

“ಅಪ್ಪಾ!” ಎಂದು ಈರಕ್ಕ ಕಿರುಚಿದಳು. “ನಾಳೆ ಗುಡ್ಲು ಇಸ್ಕೂಲ್ ದಾರೀಲಿ ತಗೊಂಡೋಗಾನ!”

ಬೋರಣ್ಣ ಕುರಿ ಎಣಿಸುತ್ತಿದ್ದವನು ಲೆಕ್ಕ ತಪ್ಪಿದ. “ತಲೆ ಕೆಟ್ಟೈತಾ? ನಾಳೆ ಪಟೇಲ್ರ ಹೊಲಕ್ಕೆ ಮಂದೆ. ಮಾತು ಕೊಟ್ಟಿವ್ನಿ. ದಾರೀಲಿ ಎಲ್ಲಾನ ಗುಡ್ಲು ಇಳೀತು ಅಂದ್ರೆ ನನ್ ಗತಿಯೇನು?”

ಅವನ ಭಯ ಸುಳ್ಳಲ್ಲ. ಕುರಿಯವರದು ಒಂದು ಕಟ್ಟುಪಾಡು. ಎತ್ತಿದ ಗುಡಿಸಲು ಯಾವ ನೆಲದ ಮೇಲೆ ಇಳಿಯುತ್ತದೋ ಆ ರಾತ್ರಿ ಮಂದೆ ಆ ನೆಲದ್ದೇ. ಬೇಕೆಂದು ಇಳಿಸಿದರೂ ಅಷ್ಟೇ, ಜಾರಿ ಬಿದ್ದರೂ ಅಷ್ಟೇ. ಒಬ್ಬರಿಗೆ ಮಾತು ಕೊಟ್ಟು ಇನ್ನೊಬ್ಬರ ರಾಗಿಗೆ ಆಸೆಪಟ್ಟು ಮಂದೆ ತಿರುಗಿಸುವ ಜಗಳ ಬೇಡವೆಂದು ಹಿಂದಿನವರು ಮಾಡಿಟ್ಟದ್ದು. ರೈತರೂ ಅದಕ್ಕೆ ತಲೆಬಾಗುತ್ತಿದ್ದರು.

“ಇಳಿಸ್ದೆ ಹೋದ್ರಾಯ್ತು,” ಎಂದಳು ಅಜ್ಜಿ. “ಇಸ್ಕೂಲು ದಾರೀಲೇ ಐತಲ್ಲ. ಒಳಗಿಂದ್ಲೇ ಅದೇನೋ ಇಂಗ್ಲೀಸು ಹೇಳ್ಬುಡ್ತಾಳೆ. ನಡಿ ಅತ್ಲಾಗೆ.”

ಬೋರಣ್ಣ ಅಮ್ಮನ ಮುಖ ನೋಡಿದ, ಮಗಳ ಮುಖ ನೋಡಿದ. ಎರಡೂ ಒಂದೇ ಥರ ಗಂಟಿಕ್ಕಿಕೊಂಡಿದ್ದವು.

“ಆಗ್ಲಿ. ನೆಲ ಮಾತ್ರ ಮುಟ್ಟಿಸ್ಬ್ಯಾಡ ಕಣಮ್ಮ,” ಎಂದ.

ಮಾರನೆಯ ಬೆಳಿಗ್ಗೆ ಅವ್ವ ಮತ್ತು ಅಣ್ಣ ಕ್ಯಾತಣ್ಣ ಕುರಿ ಹೊಡೆದುಕೊಂಡು ಮೇವಿಗೆ ಹೋದರು. ಉಳಿದ ಮೂವರು ಗುಡಿಸಲಿನೊಳಗೆ ತೂರಿದರು. ಮುಂದೆ ಅಪ್ಪ, ಹಿಂದಿನ ಎರಡು ಮೂಲೆಗೆ ಅಜ್ಜಿ ಮತ್ತು ಈರಕ್ಕ.

ಸ್ಕೂಲಿನ ಹುಡುಗರು ಮೊದಲು ನೋಡಿದ್ದು ಹೊಂಗೆಮರದ ಆಚೆಯಿಂದ ಓಲಾಡುತ್ತ ಬರುತ್ತಿದ್ದ ಗುಡಿಸಲನ್ನು. ಅದಕ್ಕೆ ಆರು ಕಾಲಿದ್ದವು! ಎರಡು ಒಡೆದ ಹಿಮ್ಮಡಿಯವು. ಎರಡಕ್ಕೆ ಬೆಳ್ಳಿಯ ಕಡಗ. ಇನ್ನೆರಡು ಚಿಕ್ಕವು, ಧೂಳು ಹಿಡಿದವು, ಅವಸರದವು.

“ಸಾರ್, ಮನೆ ನಡ್ಕೊಂಡು ಬರ್ತಾ ಐತೆ!” ಎಂದು ಕದರಪ್ಪ ಕೂಗಿದ. ಇಡೀ ಸ್ಕೂಲು ಹೊರಗೆ ನುಗ್ಗಿತು. ಜಗಲಿಯ ಕ್ಲಾಸಿನವರೂ ಸ್ಲೇಟು ಬಿಟ್ಟು ಓಡಿಬಂದರು.

ಸ್ಕೂಲಿನ ಸುತ್ತ ನೆಟ್ಟ ಚಪ್ಪಡಿ ಕಲ್ಲುಗಳ ನಡುವೆ ಸಂದು ಕಿರಿದು. ಗುಡಿಸಲು ನೇರವಾಗಿ ಹಿಡಿಸಲಿಲ್ಲ. ಓರೆಯಾಗಿ ತೂರಿಸಿದರೆ ಹಿಂಭಾಗ ಸಿಕ್ಕಿಕೊಂಡಿತು. ಒಳಗಿನಿಂದ “ಎಡಕ್ಕೆ! ಅಲ್ಲ, ನನ್ ಎಡಕ್ಕೆ!” ಎಂದು ಅಜ್ಜಿಯ ದನಿ ಬಂತು. ಕೊನೆಗೆ ನಾಲ್ಕಾರು ಈಚಲ ಗರಿಗಳನ್ನು ಕಲ್ಲಿಗೆ ಕೊಟ್ಟು ಅದು ಒಳಗೆ ಬಂದು ನಿಂತಿತು.

ನಂದೀಶ್ವರಯ್ಯ ಮೇಷ್ಟ್ರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. “ಈರಕ್ಕ? ನೀನೇನಮ್ಮ ಒಳಗಿರೋದು?”

“ಹೂಂ ಸಾರ್.”

“ಇಳಿಸಿ, ಈಚೆಗೆ ಬಾ.”

“ಇಳಿಸಂಗಿಲ್ಲ ಸಾರ್. ಇಲ್ಲಿಂದ್ಲೇ ಹೇಳ್ತೀನಿ,” ಎಂದು ಉಸಿರೆಳೆದುಕೊಂಡು ಅವಳು ಕೂಗಿದಳು. “ದಿಸ್ ಈಸ್ ಅವರ್ ಹಟ್! ಅವರ್ ಹಟ್ ಈಸ್ ಕಂಬರ್ಸಮ್!”

ಗುಡಿಸಲು ಇಂಗ್ಲಿಷ್ ಮಾತಾಡಿದ್ದನ್ನು ಜಾಲಿಪಾಳ್ಯ ಅದೇ ಮೊದಲು ಕೇಳಿದ್ದು. ಹುಡುಗರು ಬಿದ್ದು ಬಿದ್ದು ನಕ್ಕರು.

ಮುದ್ದಣ್ಣ ಮುಂದೆ ಬಂದು ಬಿದಿರನ್ನು ಬೆರಳಲ್ಲಿ ತಟ್ಟಿದ. “ಇದು ಕಂಬರ್ಸಮ್ ಅಲ್ಲ ಸಾರ್. ಬರೀ ಬಿಗ್. ಒಳಗೆಲ್ಲ ಟೊಳ್ಳು. ಮುದುಕೀನೇ ಹೊತ್ತೈತೆ!”

“ಅಂಗಾದ್ರೆ ಬಾ. ನನ್ ಮೂಲೆ ನೀನು ಹಿಡಿ,” ಎಂದಳು ಈರಕ್ಕ ಒಳಗಿನಿಂದ.

ಎಲ್ಲರೂ ನೋಡುತ್ತಿದ್ದರು. ಮುದ್ದಣ್ಣ ಮೆಟ್ಟು ಬಿಟ್ಟು ಒಳಗೆ ತೂರಿ ಹೆಗಲು ಕೊಟ್ಟ. ಈರಕ್ಕ ಈಚೆಗೆ ಬಂದಳು. ಅಷ್ಟರಲ್ಲಿ ಬಯಲ ಕಡೆಯಿಂದ ಗಾಳಿ ಬೀಸಿತು.

ಗುಡಿಸಲು ಅರ್ಧ ತಿರುಗಿತು. ಬೋರಣ್ಣ ಬಲಕ್ಕೆ ಹೆಜ್ಜೆಯಿಟ್ಟ, ಮುದ್ದಣ್ಣ ಎಡಕ್ಕೆ ಇಟ್ಟ. ಗುಡಿಸಲು ಹೊಂಗೆಮರಕ್ಕೆ ಹೋಗಿ ಮುತ್ತು ಕೊಟ್ಟಿತು. “ಅಯ್ಯೋ, ಎಲ್ಲೈತೆ ದಾರಿ? ನಂಗೇನೂ ಕಾಣ್ತಿಲ್ಲ!” ಎಂದು ಮುದ್ದಣ್ಣ ಅರಚಿದ. “ನೆಲ ಮುಟ್ಟಿಸ್ಬ್ಯಾಡಿ ಸಾಮಿ, ನೆಲ ಮುಟ್ಟಿಸ್ಬ್ಯಾಡಿ!” ಎಂದು ಬೋರಣ್ಣ ಅವನಿಗಿಂತ ಜೋರಾಗಿ ಅರಚಿದ. ಈರಕ್ಕ ನುಗ್ಗಿ ತನ್ನ ಮೂಲೆ ಹಿಡಿಯದಿದ್ದರೆ ಅದು ಬಿದ್ದೇ ಹೋಗುತ್ತಿತ್ತು.

ಮುದ್ದಣ್ಣ ತಲೆತುಂಬ ಗರಿ ಸಿಕ್ಕಿಸಿಕೊಂಡು ಈಚೆಗೆ ಬಂದ.

“ಏನಪ್ಪಾ? ಭಾರ ಇತ್ತಾ?” ಎಂದರು ಮೇಷ್ಟ್ರು.

“ಇಲ್ಲ ಸಾರ್.”

“ಮತ್ತೆ?”

ಮುದ್ದಣ್ಣ ಗರಿ ಕಿತ್ತುಕೊಳ್ಳುತ್ತ ಗೊಣಗಿದ. “ಕಂಬರ್ಸಮ್ಮು ಸಾರ್.”

ಮೇಷ್ಟ್ರು ಇನ್ನೇನು ಈರಕ್ಕನಿಗೆ ಶಹಬ್ಬಾಸ್ ಎನ್ನಬೇಕು. ಅಷ್ಟರಲ್ಲಿ ಕಲ್ಲಿನ ಸಂದಿನಲ್ಲಿ ಪಟೇಲ ದೊಡ್ಡರಂಗಪ್ಪನವರು ಕಾಣಿಸಿಕೊಂಡರು. ಕೊಡೆಯನ್ನು ದೊಣ್ಣೆಯ ಹಾಗೆ ಹಿಡಿದಿದ್ದರು. ಹಿಂದೆ ಊರಿನ ಹತ್ತಾರು ಜನ.

“ಏನೋ ಬೋರಾ, ನನ್ ಹೊಲಕ್ಕೆ ಹೋಗ್ಬೇಕಾದ ಗುಡ್ಲು ಇಲ್ಲೇನ್ ಮಾಡ್ತಾ ಐತೆ? ನಾಟ್ಕ ಆಡ್ತಿದೀರೇನ್ರೋ?”

“ಇಲ್ಲ ಬುದ್ಧಿ, ಓಯ್ತಾ ಇವ್ನಿ ಬುದ್ಧಿ,” ಎಂದ ಬೋರಣ್ಣ ಒಳಗಿನಿಂದ.

“ಮೇಷ್ಟ್ರೇ, ನಾನು ಆವತ್ತೇ ಹೇಳ್ದೆ. ಕುರಿ ಕಾಯೋ ಮಗೀಗೆ ಇಂಗ್ಲಿಷ್ ಯಾಕೆ? ಕುರಿಗೆ ಪಾಠ ಹೇಳ್ತಾಳಾ? ಇವತ್ತೇ ಅವಳನ್ನ ಜಗಲಿಗೆ ಹಾಕಿ. ಸರಿ ತಾನೇನೋ ಬೋರಾ?”

ಮೇಷ್ಟ್ರು ಕೈ ಹಿಸುಕಿಕೊಂಡರು. “ನೋಡೋಣ ಸ್ವಾಮಿ...” ಎಂದು ರಾಗ ಎಳೆದರು.

ಗುಡಿಸಲಿನೊಳಗೆ ಕತ್ತಲು. ಈರಕ್ಕನಿಗೆ ಅಪ್ಪನ ಬೆನ್ನು ಮಾತ್ರ ಕಾಣುತ್ತಿತ್ತು. ಆ ಬೆನ್ನು ಬಾಗಿತು. ಆಮೇಲೆ ಅದೇ ನಗು ಕೇಳಿಸಿತು. ಹಿಂದೂಪುರದ ಸಂತೆಯ ನಗು.

“ಹೆಹ್ಹೆಹ್ಹೆ... ಸರಿ ಬುದ್ಧಿ. ಹೆಣ್ಮಗು, ಏನೋ ಹುಡುಗಾಟ್ಕೆ. ನಿಮ್ ಇಷ್ಟದಂಗೇ ಆಗ್ಲಿ ಬುದ್ಧಿ.”

ಈರಕ್ಕನ ಕಿವಿ ಸುಟ್ಟಂತಾಯಿತು. ಸಿಟ್ಟು ಬಂತು. ಪಟೇಲರ ಮೇಲೆ ಬಂತು, ಕೋಟಿನ ಏಜೆಂಟನ ಮೇಲೆ ಬಂತು, ಬಾಗಿದ ಆ ಬೆನ್ನಿನ ಮೇಲೂ ಬಂತು. ಅಳು ಬರುತ್ತದೇನೋ ಎಂದುಕೊಂಡಳು. ಬರಲಿಲ್ಲ.

ಅವಳು ಮೊಣಕಾಲು ಮಡಿಸಿದಳು. ಹೆಗಲಿನ ಬೊಂಬನ್ನು ಎರಡು ಕೈಯಲ್ಲೂ ಹಿಡಿದು, ಜಾರಿತು ಎಂದು ಯಾರೂ ಅನ್ನದ ಹಾಗೆ, ನಿಧಾನವಾಗಿ ತನ್ನ ಮೂಲೆಯನ್ನು ಸ್ಕೂಲಿನ ನೆಲದ ಮೇಲೆ ಇಟ್ಟಳು.

 ಅಲ್ಲಿದ್ದ ಚಿಕ್ಕ ಮಕ್ಕಳಿಗೂ ಅದೇನೆಂದು ಗೊತ್ತಿತ್ತು.

“ಈರಿ!” ಎಂದ ಅಪ್ಪ. 

ಕತ್ತಲಲ್ಲಿ ಅಜ್ಜಿ ಮೊಮ್ಮಗಳನ್ನು ಒಂದು ಸಲ ನೋಡಿದಳು. ಆಮೇಲೆ ತನ್ನ ಮೂಲೆಯನ್ನೂ ಕೆಳಗಿಟ್ಟಳು. ಮುಂದಿನ ಬೊಂಬನ್ನು ಅಪ್ಪನೂ ಇಳಿಸಲೇಬೇಕಾಯಿತು. ಅಜ್ಜಿ ಸೊಂಟ ಹಿಡಿದುಕೊಂಡು ಈಚೆಗೆ ಬಂದಳು. “ಗುಡ್ಲು ಇಳೀತು ಕಣ್ರಪ್ಪ. ಇವತ್ತಿನ ಮಂದೆ ಇಸ್ಕೂಲಿಗೆ.”

“ಎತ್ರೋ ಅದನ್ನ!” ಎಂದು ಪಟೇಲರು ಕೊಡೆ ಬೀಸಿದರು.

“ಎತ್ತಂಗಿಲ್ಲ ಪಟೇಲ್ರೇ,” ಎಂದಳು ಅಜ್ಜಿ. “ಆ ವರ್ಸ ಗಾಳಿಗೆ ಗುಡ್ಲು ನಿಮ್ ಹೊಲದಾಗೆ ಬಿತ್ತಲ್ಲ, ಆವತ್ತು ಮಂದೆ ಕದರಪ್ಪನ ತಾತನ ಹೊಲಕ್ಕೆ ಓಗ್ಬೇಕಾಗಿತ್ತು. ಆವಯ್ಯ ಬಂದು ಗೋಗರೀತು. ನೀವೇನಂದ್ರಿ? ‘ಇಳಿದದ್ದು ಇಳೀತು, ಕುರಿಯೋರ ಕಟ್ಟು ಮುರೀಬಾರ್ದು’ ಅಂದ್ರಿ. ಊರೋರೆಲ್ಲ ಇಲ್ಲೇ ಅವ್ರೆ, ಕೇಳಿ.”

ಹಿಂದೆ ನಿಂತವರಲ್ಲಿ ಯಾರೋ “ಹೌದೌದು” ಎಂದರು. ಇನ್ಯಾರೋ ಕೆಮ್ಮಿದರು. ಪಟೇಲರ ಮುಖ ಕೆಂಪಾಯಿತು. ಅವರು ಮೇಷ್ಟ್ರ ಕಡೆ ತಿರುಗಿದರು. “ಆ ಹುಡುಗಿ ಜಗಲಿಗೆ. ಇದು ಕಮಿಟಿ ಆರ್ಡರು!”

ಈರಕ್ಕ ಗುಡಿಸಲಿನಿಂದ ಹೊರಬಂದು ಮೇಷ್ಟ್ರ ಎದುರಿಗೆ ನಿಂತಳು.  ಅವಳ ಕಣ್ಣು ಕೆಳಗಾಗಲಿಲ್ಲ.

“ಸಾಮಾನು ತಂದಿವ್ನಿ ಸಾರ್. ವಾಕ್ಯ ಹೇಳಿವ್ನಿ. ನಾನ್ಯಾಕೆ ಎದ್ದೋಗ್ಲಿ?”

ಮೇಷ್ಟ್ರು ಪಟೇಲರ ಕೊಡೆ ನೋಡಿದರು. ನೆಲದ ಮೇಲೆ ಭದ್ರವಾಗಿ ಕೂತಿದ್ದ ಗುಡಿಸಲನ್ನು ನೋಡಿದರು.  ಆಮೇಲೆ, ಇಷ್ಟು ವರ್ಷದಲ್ಲಿ ಯಾರೂ ಕೇಳದ ದನಿಯಲ್ಲಿ ಹೇಳಿದರು. “ಸ್ವಾಮಿ, ಸಾಮಾನು ತಂದವರು ಕೂರಬಹುದು ಅಂತ ನಿಯಮ ಮಾಡಿದವರು ತಾವೇ. ಹುಡುಗಿ ತಂದಿದ್ದಾಳೆ.” ಪಟೇಲರು ಬಾಯಿ ತೆರೆಯುವ ಮೊದಲೇ ಬೋರ್ಡು ಒರೆಸುವ ಬಟ್ಟೆಯನ್ನು ಈರಕ್ಕನ ಕೈಗಿಟ್ಟರು. “ಹೋಗಮ್ಮ, ಒರೆಸು. ಮುಂದಿನ ಮಾತು ನಾಳೆ ಕೇಳು.”

ಪಟೇಲರು ಮಗನ ರಟ್ಟೆ ಹಿಡಿದು ಎಳೆದರು. “ಬಾರೋ!”

“ಇಸ್ಕೂಲ್ ಐತೆ ಅಪ್ಪಯ್ಯ,” ಎಂದ ಮುದ್ದಣ್ಣ. ಅವನ ತಲೆಯಲ್ಲಿ ಇನ್ನೂ ಒಂದು ಗರಿ ಉಳಿದಿತ್ತು.

“ನಾಳೆ ಮಂದೆ ನನ್ ಹೊಲದಾಗೆ ಇರ್ಬೇಕು, ಗೊತ್ತಾಯ್ತಾ!” ಎಂದು ಕೂಗಿ ಪಟೇಲರು ಒಬ್ಬರೇ ಹೊರಟುಹೋದರು.

ಸಂಜೆ ಕುರಿಗಳು ಬಂದವು. ಸ್ಕೂಲಿನ ಅಂಗಳ ತುಂಬಿ, ಜಗಲಿ ತುಂಬಿ, ಎರಡು ಮರಿಗಳು ಇಂಗ್ಲಿಷ್ ಕ್ಲಾಸಿನ ಬೆಂಚನ್ನೂ ಹತ್ತಿದವು. ಮೇಷ್ಟ್ರು ಸ್ಕೂಲಿನ ಹಿಂದಿನ ಕೋಣೆಯಲ್ಲೇ ಒಬ್ಬರೇ ಇರುವವರು. ಅವರ ಹೆಗಲ ಮೇಲಿದ್ದದ್ದು ತೆಳ್ಳನೆಯ ಶಾಲು. ಬೆಟ್ಟದ ಕಡೆಯಿಂದ ಕುಳಿರ್ಗಾಳಿ ಬೀಸತೊಡಗಿದಾಗ ಅಜ್ಜಿ ಒಂದು ಕಂಬಳಿ ತಂದು ಅವರ ಮೇಲೆ ಹೊದಿಸಿ, “ಒದ್ಕಳಿ ಮೇಷ್ಟ್ರೇ. ನಡುಗಿದ್ದು ಸಾಕು,” ಎಂದಳು.

ಗುಡಿಸಲಿನ ಬಾಗಿಲಲ್ಲಿ ಅಪ್ಪ ಕೂತಿದ್ದ. ಈರಕ್ಕ ಪಕ್ಕದಲ್ಲಿ ಹೋಗಿ ಕೂತಳು.

“ಎದ್ರಿಕೆ ಆಗ್ಲಿಲ್ವೇನವ್ವ?” ಎಂದು ಅವನು ಕೇಳಿದ.

“ಆಯ್ತು.”

“ನಂಗೂ ಆಯ್ತು.”

ಅವಳು ಅವನ ಕಡೆ ತಿರುಗಿದಳು. “ಅಪ್ಪ, ನೀನು ಅಂಗ್ ನಗಬ್ಯಾಡ. ಅವರು ಏನಾನ ಅಂದಾಗ ಅಂಗ್ ನಗಬ್ಯಾಡ.”

 ಅಪ್ಪ ಕೈ ಚಾಚಿ ಅವಳ ತಲೆಯನ್ನು ತನ್ನ ಮಂಡಿಗೆ ಒತ್ತಿಕೊಂಡ.

ಬೆಳಿಗ್ಗೆ ಗುಡಿಸಲು ಎತ್ತುವಾಗ ಒಳಗೆ ತೂರಲು ಹುಡುಗರ ನೂಕುನುಗ್ಗಲು. ಹೊರಗೆ ಬಿಟ್ಟ ಮೆಟ್ಟುಗಳಲ್ಲಿ ಮುದ್ದಣ್ಣನದೂ ಇತ್ತು. ಎಷ್ಟು ಕಾಲಿದ್ದವೆಂದು ಲೆಕ್ಕ ಸಿಗಲಿಲ್ಲ. ದೊಡ್ಡದೊಂದು ಜರಿಹುಳುವಿನ ಹಾಗೆ ಗುಡಿಸಲು ಪಟೇಲರ ಹೊಲದ ಕಡೆ ಸಾಗಿತು.

ಎಲ್ಲರೂ ಧೂಳು ಕೊಡವಿಕೊಂಡು ಬಂದು ಕ್ಲಾಸಿನಲ್ಲಿ ಕೂತಾಗ ಮೇಷ್ಟ್ರು ಸುಣ್ಣದ ಕಡ್ಡಿ ಹಿಡಿದು ಬೋರ್ಡಿನ ಮುಂದೆ ನಿಂತಿದ್ದರು. ಚಳಿ ಬಿಟ್ಟಿರಲಿಲ್ಲ. ಕಂಬಳಿ ಅವರ ಹೆಗಲ ಮೇಲೆಯೇ ಇತ್ತು.

“ಕೇಳು ಈರಕ್ಕ. ಯಾವ ಮಾತು ಬರೀಲಿ?”

ಈರಕ್ಕ ಎದ್ದುನಿಂತಳು. ಬೈಗುಳವಾಗಿದ್ದರೆ ಆಗಲಿ ಎಂದುಕೊಂಡಳು.

“ಕೋರ್ಸ್ ಸಾರ್. ವೆರಿ ಕೋರ್ಸ್. ಹಿಂದೂಪುರದಾಗೆ ಒಬ್ಬ ಏಜೆಂಟು ಅಪ್ಪನ ಕಂಬಳಿ ಎತ್ತಿ ಅಂಗಂದ. ಅಂಗಂದ್ರೇನು?”

ಮೇಷ್ಟ್ರು ಬೋರ್ಡಿನ ಮೂಲೆಯಲ್ಲಿ ಬರೆದರು. “ಕೋರ್ಸ್. ಹಾಗಂದರೆ ಒರಟು. ನಯ ಇಲ್ಲದ್ದು, ಮೈಗೆ ಚುಚ್ಚುವಂಥದ್ದು. ಈಗ ಇದಕ್ಕೊಂದು ಸಾಮಾನು...” ಎನ್ನುತ್ತ ಅವರ ಎಡಗೈ ಹೆಗಲಿನ ಕಂಬಳಿಗೆ ಹೋಗಿ ಅಲ್ಲಿಯೇ ನಿಂತಿತು.

ಕ್ಲಾಸು ಅವರನ್ನು ನೋಡಿತು. ಆಮೇಲೆ ಈರಕ್ಕನನ್ನು ನೋಡಿತು. ಯಾರೂ ನಗಲಿಲ್ಲ.

ಇಷ್ಟು ದಿನ ಬಾಯೊಳಗೆ ಇಟ್ಟುಕೊಂಡಿದ್ದ ಮಾತು ಇಷ್ಟೇನಾ! ಈರಕ್ಕನಿಗೆ ನಗು ಬಂತು. ಸುಳ್ಳೇನಲ್ಲ. ಅಪ್ಪನ ಕಂಬಳಿ ಒರಟೇ. ಚುಚ್ಚುತ್ತದೆ. ಮಳೆಗೆ ಜಗ್ಗುವುದಿಲ್ಲ, ಗಾಳಿಯನ್ನು ಒಳಗೆ ಬಿಡುವುದಿಲ್ಲ.

“ಸಾಮಾನು ನಿಮ್ಮೈಮೇಲೇ ಐತಲ್ಲ ಸಾರ್,” ಎಂದಳು.

“ಇದೆಯಮ್ಮ,” ಎಂದು ಮೇಷ್ಟ್ರು ಕಂಬಳಿಯನ್ನು ಕತ್ತಿನವರೆಗೂ ಎಳೆದುಕೊಂಡರು. ಈರಕ್ಕ ತನ್ನ ಬೆಂಚಿನಲ್ಲಿ ಕೂತು ಪುಸ್ತಕ ತೆರೆದಳು.